ಪಾಂಬನ್ ಸೇತುವೆಯನ್ನು ಪ್ಲೈವುಡ್‌ನಲ್ಲಿ ಕಟ್ಟಿದ್ದು

ನಮ್ಮ ಹೈಸ್ಕೂಲಿನ ಲ್ಯಾಬಿನಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ ಆರು ಅಡಿ ಉದ್ದದ ಒಂದು ಸೇತುವೆ ಇದೆ. ನಡುವೆ ಎರಡು ರೆಕ್ಕೆ. ಒಂದು ಬೆರಳಿನಿಂದ ಮೆಲ್ಲಗೆ ಒತ್ತಿದರೆ ರೆಕ್ಕೆ ಮೇಲೇಳುತ್ತದೆ, ಕೈ ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ. ಆ ಬಿಟ್ಟಲ್ಲೇ ನಿಲ್ಲೋದು ಇದೆಯಲ್ಲ, ಅದಕ್ಕಾಗಿ ನಾನೂ ಒಂಬತ್ತನೇ ಕ್ಲಾಸಿನ ಮಕ್ಕಳೂ ಎರಡು ತಿಂಗಳು ಒದ್ದಾಡಿದ್ದೇವೆ.

ತಮಿಳುನಾಡಿನ ಮಂಡಪಂನಿಂದ ಸಮುದ್ರ ದಾಟಿ ರಾಮೇಶ್ವರ ದ್ವೀಪಕ್ಕೆ ಹೋಗುವ ಹಳೆಯ ರೈಲು ಸೇತುವೆಯೇ ಪಾಂಬನ್ ಸೇತುವೆ. ಅದು ನನ್ನ ತಲೆಗೆ ಹೊಕ್ಕಿದ್ದು ಚಿಕ್ಕಂದಿನಲ್ಲಿ. ಕಾಶಿಗೆ ಹೋಗುವ ಮೊದಲು ರಾಮೇಶ್ವರದ ಮರಳು ತರಬೇಕು, ಅದನ್ನು ಗಂಗೆಗೆ ಬಿಡಬೇಕು ಅಂತ ಅಜ್ಜಿಗೆ ಆಸೆ. ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಆಗಿನ್ನೂ ಮೀಟರ್ ಗೇಜ್, ಅಂದರೆ ಕಿರಿದಾದ ಹಳಿಯ ರೈಲು. ಮಂಡಪಂ ದಾಟುತ್ತಿದ್ದಂತೆ ರೈಲು ತೆವಳುವಷ್ಟು ನಿಧಾನವಾಯಿತು. ಕಿಟಕಿಯಿಂದ ಬಗ್ಗಿ ನೋಡಿದರೆ ಸೇತುವೆ ಕಾಣಲಿಲ್ಲ. ಬರೀ ನೀರು. ಪಕ್ಕದಲ್ಲಿ ಗೋಡೆಯಿಲ್ಲ, ಕಂಬಿಯಿಲ್ಲ. ಅಜ್ಜಿ ಸೆರಗಿನ ಗಂಟು ಬಿಚ್ಚಿ, ನಾಣ್ಯ ತೆಗೆದು ಸಮುದ್ರಕ್ಕೆ ಎಸೆದು ಕೈಮುಗಿದರು. ನನಗೆ ಮಾತ್ರ ಒಂದೇ ಯೋಚನೆ: ಇದನ್ನು ಈ ನೀರಿನಲ್ಲಿ ನಿಲ್ಲಿಸಿದ್ದು ಹೇಗೆ?

ವಿಜ್ಞಾನ ಮೇಷ್ಟ್ರಾದ ಮೇಲೆ ಗುರುತ್ವ ಕೇಂದ್ರದ ಪಾಠ ಬಂದಾಗಲೆಲ್ಲ ಬೇಜಾರಾಗುತ್ತಿತ್ತು. ಮಕ್ಕಳು ವ್ಯಾಖ್ಯಾನ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಕೈಗೆ ಏನೂ ಸಿಗುವುದಿಲ್ಲ. ಒಂದು ವರ್ಷ ವಿಜ್ಞಾನ ಪ್ರದರ್ಶನಕ್ಕೆ ಏನು ಮಾಡೋಣ ಅಂತ ಕೇಳಿದರು. ಪಾಂಬನ್ ಮಾಡೋಣ ಅಂದೆ.

ಈ ಸೇತುವೆಯ ಕೆಲಸ ಶುರುವಾದದ್ದು 1911ರಲ್ಲಿ. ಓಡಾಟಕ್ಕೆ ತೆರೆದದ್ದು 1914ರ ಫೆಬ್ರವರಿ 24ರಂದು. ಉದ್ದ ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ನಲವತ್ತು ಅಡಿಯ 145 ಅಂಕಣಗಳು (ಒಂದು ಕಂಬದಿಂದ ಮುಂದಿನ ಕಂಬದವರೆಗಿನ ಭಾಗವೇ ಅಂಕಣ), ನಡುವೆ ಹಡಗಿಗೆ ದಾರಿ ಬಿಡುವ ಒಂದು ದೊಡ್ಡ ಅಂಕಣ. ಬ್ರಿಟಿಷರಿಗೆ ಬೇಕಾಗಿದ್ದದ್ದು ಸಿಲೋನ್, ಅಂದರೆ ಈಗಿನ ಶ್ರೀಲಂಕಾದ ದಾರಿ. ಮದ್ರಾಸಿನಿಂದ ರಾಮೇಶ್ವರ ದ್ವೀಪದ ತುದಿಯ ಧನುಷ್ಕೋಟಿವರೆಗೆ ರೈಲು, ಅಲ್ಲಿಂದ ತಲೈಮನ್ನಾರ್‌ಗೆ ಹಡಗು, ಮತ್ತೆ ಕೊಲಂಬೋಗೆ ರೈಲು. ಅದಕ್ಕೇ ಆ ರೈಲಿಗೆ ಬೋಟ್ ಮೇಲ್ ಅನ್ನುವ ಹೆಸರು ಬಂತು. ಸಾಹೇಬರು ಹೋದ ಹಾಗೆಯೇ, ಟೀ ತೋಟಗಳಿಗೆ ದುಡಿಯಲು ಹೊರಟ ಬಡ ತಮಿಳರೂ ಇದೇ ದಾರಿಯಲ್ಲಿ ಹೋದರು. ಈ ಮಾತನ್ನು ನಾನು ಕ್ಲಾಸಿನಲ್ಲಿ ಬಿಡದೆ ಹೇಳುತ್ತೇನೆ. ಸೇತುವೆಯ ಚಂದ ಮಾತ್ರ ಹೇಳಿದರೆ ಅರ್ಧ ಹೇಳಿದ ಹಾಗೆ, ಅಲ್ವಾ?

ಇನ್ನು ಮಾದರಿಯ ವಿಷಯಕ್ಕೆ ಬರೋಣ. ಸಣ್ಣ ಅಂಕಣಗಳು ಸುಲಭ. ಮರದ ತುಂಡಿನ ಕಂಬ, ಮೇಲೆ ರಟ್ಟಿನ ಗರ್ಡರ್ (ಕಂಬಗಳ ಮೇಲೆ ಕೂರುವ ತೊಲೆ), ಐಸ್‌ಕ್ರೀಮ್ ಕಡ್ಡಿಯ ಸ್ಲೀಪರ್ (ಹಳಿಯ ಕೆಳಗಿನ ಅಡ್ಡಪಟ್ಟಿ). ಎರಡು ಶನಿವಾರದಲ್ಲಿ ಮುಗಿಯಿತು. ಕಷ್ಟವೆಲ್ಲ ನಡುವಿನದ್ದೇ.

ನಡುವಿನ ಅಂಕಣಕ್ಕೆ ಷೆರ್ಜರ್ ಅಂಕಣ ಅನ್ನುತ್ತಾರೆ. ಅಮೆರಿಕದ ಎಂಜಿನಿಯರ್ ವಿಲಿಯಂ ಷೆರ್ಜರ್ ಅವರ ವಿನ್ಯಾಸ. ಸಾಮಾನ್ಯವಾಗಿ ಬಾಗಿಲು ಕೀಲಿನ ಮೇಲೆ ತಿರುಗುತ್ತದೆ. ಇಲ್ಲಿ ಕೀಲಿಲ್ಲ. ರೆಕ್ಕೆಯ ಬುಡ ಗಾಲಿಯ ತುಂಡಿನ ಹಾಗೆ ದುಂಡಗಿರುತ್ತದೆ, ತೂಗುಕುರ್ಚಿಯ ಕಾಲಿದ್ದಂತೆ. ರೆಕ್ಕೆ ಏಳುವಾಗ ಆ ದುಂಡು ಭಾಗ ಹಿಂದಕ್ಕೆ ಉರುಳುತ್ತದೆ. ಹಾಗಾಗಿ ರೆಕ್ಕೆ ಮೇಲೂ ಏಳುತ್ತದೆ, ಹಿಂದೂ ಸರಿಯುತ್ತದೆ. ಹಡಗಿಗೆ ಜಾಗ ಜಾಸ್ತಿ ಸಿಗುತ್ತದೆ. ಹಿಂಬದಿಯಲ್ಲಿ ರೆಕ್ಕೆಯ ಭಾರಕ್ಕೆ ಸಮ ತೂಗುವ ಭಾರಿ ಎದುರು ತೂಕ. ಪಾಂಬನ್‌ನಲ್ಲಿ ನೂರಾರು ಟನ್ನಿನ ಈ ರೆಕ್ಕೆಗಳನ್ನು ಕೆಲಸಗಾರರು ಕೈಯಿಂದಲೇ ಹಿಡಿ ತಿರುಗಿಸಿ ಎತ್ತುತ್ತಿದ್ದರು. ಮೋಟಾರ್ ಇರಲಿಲ್ಲ.

ನಾವು ಪ್ಲೈವುಡ್‌ನಲ್ಲಿ ದುಂಡು ಕತ್ತರಿಸಿದೆವು. ಒಂದು ಅಡಿಯ ರೆಕ್ಕೆ ಅಂಟಿಸಿ, ಹಿಂದೆ ಕಬ್ಬಿಣದ ವಾಷರ್‌ಗಳನ್ನು ಕಟ್ಟಿದೆವು. ಒತ್ತಿದೆ. ಎದ್ದಿತು. ಮಕ್ಕಳು ಕೂಗಿದರು. ಅರ್ಧ ಎದ್ದ ಮೇಲೆ ಅದು ತಾನಾಗಿಯೇ ಹಿಂದಕ್ಕೆ ಬಿದ್ದು, ಫೆವಿಕಾಲ್ ಹಾಕಿದ ಜಾಗದಲ್ಲಿ ಬಿಟ್ಟುಕೊಂಡಿತು. ವಾಷರ್ ಕಡಿಮೆ ಮಾಡಿದರೆ ಮುಂದಕ್ಕೆ ದಬಕ್ಕನೆ ಬೀಳುತ್ತಿತ್ತು. ತೂಕ ಹೆಚ್ಚು ಕಡಿಮೆ ಮಾಡುವುದರಲ್ಲೇ ಮೂರು ವಾರ ಹೋಯಿತು.

ತಪ್ಪು ಹಿಡಿದದ್ದು ಹಿಂದಿನ ಬೆಂಚಿನ ಒಬ್ಬ ಹುಡುಗಿ. "ಸರ್, ತೂಕ ಎಷ್ಟು ಅಂತ ನೋಡ್ತಿದ್ದೀವಿ, ಎಲ್ಲಿ ಅಂತ ನೋಡ್ತಾನೇ ಇಲ್ಲ" ಅಂದಳು. ಸರಿಯಾಗಿಯೇ ಇತ್ತು ಅವಳ ಮಾತು. ನಾವು ವಾಷರ್‌ಗಳನ್ನು ತೀರ ಕೆಳಗೆ ಕಟ್ಟಿದ್ದೆವು. ದುಂಡಿನ ಪೂರ್ತಿ ವೃತ್ತ ಎಳೆದು ಅದರ ನಡುಬಿಂದು ಗುರುತು ಮಾಡಿಕೊಂಡೆವು. ರೆಕ್ಕೆ, ದುಂಡು, ತೂಕ ಎಲ್ಲ ಸೇರಿದ ಗುರುತ್ವ ಕೇಂದ್ರ ಆ ಬಿಂದುವಿಗೇ ಬರುವ ಹಾಗೆ ವಾಷರ್‌ಗಳನ್ನು ಮೇಲಕ್ಕೆ ಸರಿಸಿದೆವು. ಗಾಲಿ ಉರುಳುವಾಗ ಅದರ ನಡುಬಿಂದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಂದಮೇಲೆ ನಾವು ಭಾರವನ್ನು ಎತ್ತುತ್ತಲೇ ಇಲ್ಲ. ಬರೀ ಉಜ್ಜುವಿಕೆಯನ್ನೂ ಗಾಳಿಯನ್ನೂ ಮೀರಿದರೆ ಸಾಕು. ಆ ಸಂಜೆ ರೆಕ್ಕೆ ಯಾವ ಕೋನದಲ್ಲಿ ಬಿಟ್ಟರೂ ನಿಂತಿತು. ನನ್ನ ಕಣ್ಣು ತುಂಬಿ ಬಂತು.

ಇನ್ನೊಂದು ತೊಂದರೆ ಉಳಿದಿತ್ತು. ದುಂಡು ಉರುಳುವ ಬದಲು ಜಾರುತ್ತಿತ್ತು. ಷೆರ್ಜರ್ ಸೇತುವೆಗಳಲ್ಲಿ ಇದಕ್ಕೆ ಹಾಸಿನ ಮೇಲೆ ಹಲ್ಲು, ದುಂಡಿನಲ್ಲಿ ಅದಕ್ಕೆ ಹೊಂದುವ ತೂತು ಇರುತ್ತದೆ. ನಾವು ಹಲಗೆಗೆ ಸಣ್ಣ ಮೊಳೆ ಹೊಡೆದು ತಲೆ ಕತ್ತರಿಸಿದೆವು. ಅದೇ ಅಳತೆಗೆ ದುಂಡಿನಲ್ಲಿ ತೂತು ಕೊರೆದೆವು. ಜಾರುವುದು ನಿಂತಿತು.

ಪ್ರದರ್ಶನದ ಹಿಂದಿನ ದಿನ 1964ರ ವಿಷಯ ಹೇಳಿದೆ. ಡಿಸೆಂಬರ್ 22ರ ರಾತ್ರಿ ಬಂದ ಚಂಡಮಾರುತದಲ್ಲಿ ಧನುಷ್ಕೋಟಿ ಊರೇ ಹೋಯಿತು. ಅಲ್ಲಿಗೆ ಹೊರಟಿದ್ದ ಪ್ಯಾಸೆಂಜರ್ ರೈಲು ಅಲೆಗೆ ಸಿಕ್ಕಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಸೇತುವೆಗೆ ಎಷ್ಟು ಪೆಟ್ಟಾಯಿತು ಅಂತ ತೋರಿಸಲು ಬೋರ್ಡಿನ ಮೇಲೆ ಸಣ್ಣ ಅಂಕಣಕ್ಕೊಂದರಂತೆ 145 ಗೆರೆ ಎಳೆದೆ. ಒಬ್ಬಳು ಕೊಚ್ಚಿಹೋದವನ್ನು ಎಣಿಸುತ್ತಾ ಡಸ್ಟರಿನಿಂದ 126 ಗೆರೆ ಅಳಿಸಿದಳು. ಉಳಿದದ್ದು 19. ಷೆರ್ಜರ್ ಅಂಕಣ ಮಾತ್ರ ಹಾಗೇ ನಿಂತಿತ್ತು. ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ.

ದುರಸ್ತಿಗೆ ರೈಲ್ವೆ ಆರು ತಿಂಗಳು ಇಟ್ಟುಕೊಂಡಿತ್ತು. ಆಗ 32 ವಯಸ್ಸಿನ ಇ. ಶ್ರೀಧರನ್ ಅವರಿಗೆ ಹೊಣೆ ಕೊಟ್ಟರು. ಸಮುದ್ರಕ್ಕೆ ಬಿದ್ದಿದ್ದ ಗರ್ಡರ್‌ಗಳನ್ನೇ ಎತ್ತಿಸಿ, ಮತ್ತೆ ಕೂರಿಸಿ, 46 ದಿನದಲ್ಲಿ ರೈಲು ಓಡಿಸಿದರು. ಮುಂದೆ ನಮ್ಮ ಕಾರವಾರ, ಉಡುಪಿ ದಾಟಿ ಹೋಗುವ ಕೊಂಕಣ ರೈಲು ಕಟ್ಟಿಸಿದವರೂ ಅವರೇ ಅಂದಾಗ ಮಕ್ಕಳ ಮುಖ ಅರಳಿತು. ಮರುದಿನ ಅವರು ಬಂದವರಿಗೆಲ್ಲ ಮೊದಲು ಹೇಳಿದ್ದು ಇದೇ 46 ದಿನದ ಮಾತು.

ಹಳೆಯ ಸೇತುವೆಯನ್ನು 2007ರಲ್ಲಿ ಬ್ರಾಡ್ ಗೇಜ್‌ಗೆ, ಅಂದರೆ ಅಗಲ ಹಳಿಯ ರೈಲಿಗೆ ಬಲಪಡಿಸಿದ್ದರು. ಆದರೆ ಉಪ್ಪುಗಾಳಿ ಬಿಡುತ್ತದೆಯೇ? 2022ರ ಡಿಸೆಂಬರಿನಲ್ಲಿ ಅದರ ಮೇಲೆ ರೈಲು ನಿಂತಿತು. ಪಕ್ಕದಲ್ಲೇ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು ತೆರೆಯಿತು. ಅದರಲ್ಲಿ 72.5 ಮೀಟರ್ ಉದ್ದದ ಅಂಕಣ ಲಿಫ್ಟಿನ ಹಾಗೆ ನೆಟ್ಟಗೆ 17 ಮೀಟರ್ ಮೇಲೇರುತ್ತದೆ.

ಈ ವರ್ಷದ ಮಕ್ಕಳು ಅದನ್ನೂ ಮಾಡೋಣ ಸರ್ ಅಂತ ಹಿಂದೆ ಬಿದ್ದಿದ್ದಾರೆ. ಹಳೆಯದರ ಪಕ್ಕದಲ್ಲಿ ಎರಡು ಗೋಪುರ ಆಗಲೇ ನಿಂತಿವೆ. ಅಂಕಣದ ನಾಲ್ಕು ಮೂಲೆಯೂ ಒಟ್ಟಿಗೆ ಏಳುತ್ತಿಲ್ಲ, ಒಂದು ಕಡೆ ವಾಲುತ್ತದೆ. ಶನಿವಾರ ಮತ್ತೆ ಕೂರುತ್ತೇವೆ.