ಬೆರಳು ಆಡಿಸುವುದಕ್ಕೂ ಮೊದಲು

ಟ್ರಾಲಿ ಚಕ್ರದ ಸದ್ದು ಕೇಳಿದರೆ ಸಾಕು, ನನ್ನ ಹೊಟ್ಟೆ ಹಿಂಡಿದ ಹಾಗಾಗುತ್ತಿತ್ತು. ಅಂಗಡಿಯಲ್ಲಿ ಸಾಮಾನು ತುಂಬಿಕೊಳ್ಳುವ ಗಾಡಿ ಇರಲಿ, ಯಾರೋ ಎಳೆದುಕೊಂಡು ಹೋಗುವ ಸೂಟ್‌ಕೇಸ್ ಇರಲಿ, ಆ ಗರಗರ ಕಿವಿಗೆ ಬಿದ್ದ ಕೂಡಲೇ ಕೈ ತಣ್ಣಗಾಗುತ್ತಿತ್ತು. ಎದೆನೋವು ಅಂತ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಸ್ಟ್ರೆಚರ್ ಜೊತೆ ಉದ್ದದ ಕಾರಿಡಾರಿನಲ್ಲಿ ಓಡಿದ್ದೆ. ಬೆಳಗಾಗುವಷ್ಟರಲ್ಲಿ ಅಪ್ಪ ಇರಲಿಲ್ಲ. ಅದಾಗಿ 11 ವರ್ಷ ಕಳೆದಿದ್ದರೂ ಆ ಸದ್ದು ಮಾತ್ರ ಹಳೆಯದಾಗಿರಲಿಲ್ಲ.

ನಾನು ಆಪ್ತಸಮಾಲೋಚಕಿ. ಬೇರೆಯವರ ನೋವು ಕೇಳುವುದೇ ನನ್ನ ಕೆಲಸ. ಇಎಂಡಿಆರ್, ಅಂದರೆ ಕಣ್ಣು ಆಡಿಸುತ್ತಾ ಆಘಾತದ ನೆನಪಿನ ಮೇಲೆ ಕೆಲಸ ಮಾಡುವ ಚಿಕಿತ್ಸೆ ಕಲಿಯಲು ಹೋದಾಗ ಒಂದು ವಿಷಯ ಗೊತ್ತಾಯಿತು. ತರಬೇತಿಯಲ್ಲಿ ನಾವು ಕಲಿಯುವವರೇ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಬೇಕು. ಅದೂ ನಿಜವಾದ ನೆನಪನ್ನೇ ಇಟ್ಟುಕೊಂಡು. ಜಾಸ್ತಿ ದೊಡ್ಡದು ಬೇಡ, ಮಧ್ಯಮ ಭಾರದ್ದು ಸಾಕು ಅಂದಿದ್ದರು. ನಾನು ಟ್ರಾಲಿ ಸದ್ದನ್ನು ಆರಿಸಿಕೊಂಡೆ.

ಕುರ್ಚಿಗಳನ್ನು ಎದುರುಬದುರು ಹಾಕುವುದಿಲ್ಲ. ಇಬ್ಬರ ಮೊಣಕಾಲು ಪಕ್ಕಪಕ್ಕ ಬರುವ ಹಾಗೆ, ಸ್ವಲ್ಪ ಓರೆಯಾಗಿ ಕೂರುತ್ತೇವೆ. ನನ್ನ ಜೊತೆಗಾತಿ ಮೊದಲು ಕೇಳಿದ್ದು ಆ ರಾತ್ರಿಯ ಅತಿ ಕೆಟ್ಟ ಚಿತ್ರ ಯಾವುದು ಅಂತ. ಸ್ಟ್ರೆಚರಿನ ಮುಂದಿನ ಚಕ್ರ ಎಂದೆ. ಅದನ್ನು ನೋಡಿದಾಗ ನಿಮ್ಮ ಬಗ್ಗೆ ನಿಮಗೆ ಏನನ್ನಿಸುತ್ತದೆ ಅಂದಳು. 'ನಾನು ಏನೂ ಮಾಡಲಿಲ್ಲ' ಅನ್ನುವ ಮಾತು ಗಂಟಲಿನಿಂದ ತಾನಾಗಿ ಬಂತು. ಅದರ ಜಾಗದಲ್ಲಿ ಏನು ನಂಬಲು ಇಷ್ಟ? 'ನನ್ನ ಕೈಲಾದದ್ದು ಮಾಡಿದೆ.' ಆ ಮಾತು ಈಗ ಎಷ್ಟು ನಿಜ ಅನ್ನಿಸುತ್ತದೆ, 1ರಿಂದ 7ರೊಳಗೆ? 2. ಸಂಕಟ ಎಷ್ಟು, 0ಯಿಂದ 10ರೊಳಗೆ? 7. ಮೈಯಲ್ಲಿ ಎಲ್ಲಿ? ಹೊಟ್ಟೆಯಲ್ಲಿ.

ಆಮೇಲೆ ಅವಳು ಎರಡು ಬೆರಳು ಎತ್ತಿ, ನನ್ನ ಮುಖದಿಂದ ಒಂದಡಿ ದೂರದಲ್ಲಿ ಎಡಕ್ಕೂ ಬಲಕ್ಕೂ ಆಡಿಸತೊಡಗಿದಳು. ತಲೆ ಅಲುಗಿಸದೆ ಕಣ್ಣಿನಿಂದಷ್ಟೇ ಹಿಂಬಾಲಿಸಬೇಕು. ಸುಮಾರು 24 ಸಲ ಹೋಗಿ ಬಂದ ಮೇಲೆ ಬೆರಳು ನಿಲ್ಲಿಸಿ, ಉಸಿರು ಬಿಡಿ, ಈಗ ಏನು ಬಂತು ಅಂತ ಕೇಳಿದಳು. ಚಕ್ರಕ್ಕೆ ಒಂದು ದಾರ ಸುತ್ತಿಕೊಂಡಿತ್ತು ಎಂದೆ. ಅದರ ಜೊತೆಗೇ ಹೋಗಿ, ಅಂದಳು. ಮತ್ತೆ ಬೆರಳು. ಫಿನಾಯಿಲ್ ವಾಸನೆ ಬಂತು. ಮತ್ತೆ ಬೆರಳು. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ. ಹೀಗೆ ಆರೇಳು ಸುತ್ತು ಆದ ಮೇಲೆ ನನ್ನ ಬಲಗೈಗೆ ಏನೋ ನೆನಪಾಯಿತು. ಹೊದಿಕೆಯ ಮೇಲಿಂದ ನಾನು ಅಪ್ಪನ ಪಾದ ಹಿಡಿದುಕೊಂಡಿದ್ದೆ. ಕಾರಿಡಾರಿನ ಈ ತುದಿಯಿಂದ ಆ ತುದಿವರೆಗೂ ಬಿಟ್ಟಿರಲಿಲ್ಲ. ಅಷ್ಟು ವರ್ಷ ಚಕ್ರ ಒಂದೇ ಕಾಣುತ್ತಿತ್ತು, ನನ್ನ ಕೈ ಕಂಡೇ ಇರಲಿಲ್ಲ. ನಾನು ಅತ್ತೆ. ಅವಳು ಸುಮ್ನೆ ಕಾದಳು. ಕೊನೆಗೆ ಸಂಕಟದ ಅಂಕಿ 2ಕ್ಕೆ ಬಂದಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಸೆಷನ್‌ನಲ್ಲಿ ಹೊಸದಾಗಿ ತೇಲಿ ಬಂದ ನೆನಪು ನೂರಕ್ಕೆ ನೂರು ನಿಜವೇ ಆಗಿರಬೇಕು ಅಂತಿಲ್ಲ. ನೆನಪು ಅನ್ನುವುದು ಕ್ಯಾಮೆರಾ ಅಲ್ಲ. ನಾನು ಮನೆಗೆ ಬಂದು ಅಕ್ಕನನ್ನು ಕೇಳಿದೆ. "ಹೂಂ ಕಣೇ, ನರ್ಸ್ ಬಿಡಿಸಬೇಕಾಯ್ತು ನಿನ್ನ ಕೈನ" ಅಂದಳು. ನನಗೆ ಕೇಳಲು ಅಕ್ಕ ಇದ್ದಳು. ಎಲ್ಲರಿಗೂ ಹಾಗೆ ಇರುವುದಿಲ್ಲ. ಅದಕ್ಕೇ ಮರೆತುಹೋದ ಘಟನೆಯನ್ನು ಅಗೆದು ತೆಗೆಯಲು ಈ ವಿಧಾನವನ್ನು ನಾನು ಬಳಸುವುದಿಲ್ಲ. ನೆನಪಿನಲ್ಲಿ ಇದ್ದು ಕಾಡುತ್ತಿರುವುದರ ಮೇಲಷ್ಟೇ ಕೆಲಸ.

ಇದು ಶುರುವಾದ ಕಥೆ ತುಂಬಾ ಜನಕ್ಕೆ ಗೊತ್ತು. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪಿರೊ ಪಾರ್ಕಿನಲ್ಲಿ ನಡೆಯುತ್ತಿದ್ದರು. ಕಣ್ಣು ಅತ್ತಿತ್ತ ಓಡುತ್ತಿದ್ದ ಹಾಗೆ ತಮ್ಮನ್ನು ಕಾಡುತ್ತಿದ್ದ ಯೋಚನೆಗಳ ಚುರುಕು ಕಡಿಮೆಯಾದದ್ದನ್ನು ಗಮನಿಸಿದರು. 1989ರಲ್ಲಿ ಮೊದಲ ಅಧ್ಯಯನ ಪ್ರಕಟಿಸಿದರು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರವೂ ಬಿಡದೆ ಕಾಡುವ ಮಾನಸಿಕ ತೊಂದರೆ ಇರುವ ವಯಸ್ಕರಿಗೂ ಮಕ್ಕಳಿಗೂ ಇದನ್ನು ಶಿಫಾರಸು ಮಾಡಿತು.

ಕಣ್ಣು ಆಡಿಸಿದರೆ ಯಾಕೆ ಹಗುರಾಗುತ್ತದೆ? ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಇದು: ಒಂದು ಹೊತ್ತಿಗೆ ನಮ್ಮ ಮನಸ್ಸು ಹಿಡಿದಿಟ್ಟುಕೊಳ್ಳುವ ಜಾಗ ಚಿಕ್ಕದು. ನೆನಪನ್ನು ಅಲ್ಲಿ ಇಟ್ಟು, ಜೊತೆಗೆ ಕಣ್ಣಿಗೂ ಕೆಲಸ ಕೊಟ್ಟರೆ ಜಾಗ ಸಾಲುವುದಿಲ್ಲ. ಚಿತ್ರದ ಬಣ್ಣ ಮಾಸುತ್ತದೆ, ಭಯದ ಮೊನೆ ಮೊಂಡಾಗುತ್ತದೆ. ಹಾಗೆ ಮೊಂಡಾದ ನೆನಪೇ ವಾಪಸ್ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಪ್ರಯೋಗಗಳಲ್ಲಿ ಮನಸ್ಸಿಗೆ ಸಾಕಷ್ಟು ಕೆಲಸ ಕೊಡುವ ಬೇರೆ ಚಟುವಟಿಕೆಗಳೂ ಹೀಗೇ ಮಾಡಿವೆ. ಕಣ್ಣಿನ ಚಲನೆಯಿಂದ ನಿಜವಾಗಿ ಎಷ್ಟು ಲಾಭ, ಭಯದ ನೆನಪನ್ನು ಸುರಕ್ಷಿತ ಜಾಗದಲ್ಲಿ ಎದುರಿಸಿದ್ದರಿಂದ ಎಷ್ಟು ಲಾಭ ಅನ್ನುವ ವಾದ ಇನ್ನೂ ಮುಗಿದಿಲ್ಲ. ಆ ವಾದ ಇರುವುದು ಒಳ್ಳೆಯದೇ. ಬೆರಳಿನಲ್ಲಿ ಮಂತ್ರಶಕ್ತಿ ಇದೆ ಅಂದುಕೊಂಡವರು ಏನು ಎಡವಟ್ಟು ಮಾಡುತ್ತಾರೆ ಅಂತ ನನಗೆ ಗೊತ್ತು. ನಾನೇ ಮಾಡಿದ್ದೇನೆ.

ತರಬೇತಿ ಮುಗಿದ ಹೊಸತು. ರಸ್ತೆ ಅಪಘಾತದಲ್ಲಿ ಬದುಕಿ ಉಳಿದ ಒಬ್ಬರು ಬಂದಿದ್ದರು. (ಬರೆಯಲು ಅವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಬ್ರೇಕ್ ಕಿರುಚಿದರೆ ಅವರು ಇದ್ದಲ್ಲೇ ಕೂತುಬಿಡುತ್ತಿದ್ದರು. ನಿದ್ದೆ ಇಲ್ಲ. ಬೇಗ ಏನಾದರೂ ಮಾಡಿ ಮೇಡಂ ಅಂದರು. ನನಗೂ ಅವಸರ. ನನಗೆ ಆದ ಹಾಗೆ ಅವರಿಗೂ ಒಂದೇ ದಿನಕ್ಕೆ ಹಗುರಾಗುತ್ತದೆ ಅಂದುಕೊಂಡೆ. ಎರಡನೇ ಸೆಷನ್‌ಗೇ ಬೆರಳು ಎತ್ತಿದೆ.

ಮೂರನೇ ಸುತ್ತಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅವರ ಕಣ್ಣು ಬೆರಳಿನ ಜೊತೆ ಸರಿಯಾಗೇ ಹೋಗಿ ಬರುತ್ತಿತ್ತು, ಆದರೆ ಅವರು ಅಲ್ಲಿ ಇರಲಿಲ್ಲ. ಮುಖದಲ್ಲಿ ಏನೂ ಇಲ್ಲ. ಈಗ ಏನು ಬಂತು ಅಂತ ಕೇಳಿದರೆ ಉತ್ತರ ಇಲ್ಲ. ಕೂಡಲೇ ನಿಲ್ಲಿಸಿದೆ. ಎರಡೂ ಪಾದ ನೆಲಕ್ಕೆ ಒತ್ತಿ ಎಂದೆ. ಈ ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿ ಎಂದೆ. ಬಹಳ ಹೊತ್ತಿನ ಮೇಲೆ "ಗಡಿಯಾರ" ಅಂದರು. ಆಮೇಲೆ "ಬಾಗಿಲು". ಅವತ್ತು ಅವರನ್ನು ಪೂರ್ತಿ ಈ ಕೋಣೆಗೆ ಕರೆತರಲು ಮುಕ್ಕಾಲು ಗಂಟೆ ಹಿಡಿಯಿತು. ಮೂರು ವಾರ ಅವರು ಬರಲೇ ಇಲ್ಲ. ಆ ಮೂರು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಈ ಚಿಕಿತ್ಸೆಗೆ ಎಂಟು ಹಂತಗಳಿವೆ. ಕಣ್ಣು ಆಡಿಸುವುದು ಬರುವುದು ನಾಲ್ಕನೆಯದರಲ್ಲಿ. ಪಾಠದಲ್ಲಿ ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಹೇಳಿದ್ದೆ, ಮನಸ್ಸಿಗೆ ಇಳಿದಿರಲಿಲ್ಲ.

ಮೂರು ವಾರದ ನಂತರ ಅವರು ವಾಪಸ್ ಬಂದರು. ಮೊದಲು ಕ್ಷಮೆ ಕೇಳಿದೆ. ಆಮೇಲೆ ಆರು ಸೆಷನ್ ಬೆರಳು ಎತ್ತಲೇ ಇಲ್ಲ. ಮಾಡಿದ್ದು ಇಷ್ಟು. ಅವರ ಪೂರ್ತಿ ಹಿನ್ನೆಲೆ ಕೇಳಿದೆ. ಹೀಗೆ 'ಕಳೆದುಹೋಗುವುದು' ಮೊದಲೂ ಆಗುತ್ತಿತ್ತಾ ಎಂದು ವಿಚಾರಿಸಿದೆ. ಆಗುತ್ತಿತ್ತು, ಚಿಕ್ಕಂದಿನಿಂದಲೂ. ಅದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. ಮನಸ್ಸಿಗೆ ನೆಮ್ಮದಿ ಕೊಡುವ ಒಂದು ಜಾಗವನ್ನು ಕಲ್ಪಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಸಿದೆ. ಅವರು ಆರಿಸಿಕೊಂಡದ್ದು ಮಳೆ ಬರುವಾಗ ಕಿಟಕಿ ಪಕ್ಕದ ಒಂದು ಮೂಲೆ. ಆ ಮಳೆಯ ಸದ್ದು, ಗಾಜಿನ ತಂಪು, ಎಲ್ಲಾ ಸೇರಿಸಿ ಕಟ್ಟಿದೆವು. ಸೆಷನ್ ಮುಗಿದ ಮೇಲೂ ಉಳಿದ ಭಾರವನ್ನು ಮನಸ್ಸಿನಲ್ಲೇ ಒಂದು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದನ್ನು ಕಲಿತರು. ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟುಕೊಂಡು, ಎಡಗೈ ಬಲಗೈ ಬದಲಿಸುತ್ತಾ ಮೆಲ್ಲಗೆ ತಟ್ಟಿಕೊಳ್ಳುವ 'ಚಿಟ್ಟೆ ಅಪ್ಪುಗೆ' ಅವರಿಗೆ ತುಂಬಾ ಹಿಡಿಸಿತು. ಇದು ಮೆಕ್ಸಿಕೋದ ಅಕಪುಲ್ಕೋದಲ್ಲಿ 1997ರ ಚಂಡಮಾರುತದಿಂದ ಬದುಕುಳಿದವರ ಜೊತೆ ಕೆಲಸ ಮಾಡುವಾಗ ಲೂಸಿನಾ ಆರ್ತಿಗಾಸ್ ರೂಪಿಸಿದ್ದು. ನನ್ನ ಬಳಿ ಬರುತ್ತಿದ್ದ ಇವರು ಇದನ್ನು ರಾತ್ರಿ ಎಚ್ಚರವಾದಾಗ ಮಾಡಿಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾಗಿ ನಿಲ್ಲಿಸುವ ಸನ್ನೆ. ಅಂಗೈ ಎತ್ತಿದರೆ ನಾನು ಅಲ್ಲೇ ನಿಲ್ಲಿಸಬೇಕು, ಯಾಕೆ ಅಂತಲೂ ಕೇಳಬಾರದು. ನೆನಪು ಬರುವಾಗ ಬೇಕೆಂದೇ ಎರಡು ಸಲ ಅಂಗೈ ಎತ್ತಿಸಿ ನೋಡಿದೆ. ಎರಡನೇ ಸಲ ಅವರ ಮುಖದಲ್ಲಿ ಒಂದು ಚಿಕ್ಕ ನಗು ಬಂತು. ಅಪಘಾತದ ಹೊತ್ತಿನಲ್ಲಿ ಅವರಿಗೆ ಏನನ್ನೂ ನಿಲ್ಲಿಸಲು ಆಗಿರಲಿಲ್ಲ, ಅಲ್ವಾ.

ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಕೇಳುವ ಪ್ರಶ್ನೆ, ಯೂಟ್ಯೂಬ್‌ನಲ್ಲಿ ಅತ್ತಿತ್ತ ಓಡುವ ಚುಕ್ಕೆ ನೋಡಿಕೊಂಡು ಮನೆಯಲ್ಲೇ ಮಾಡಿಕೊಳ್ಳಬಹುದಾ ಅಂತ. ದಯವಿಟ್ಟು ಬೇಡ. ಚಿಟ್ಟೆ ಅಪ್ಪುಗೆಯಿಂದ ಮನಸ್ಸು ಶಾಂತ ಮಾಡಿಕೊಳ್ಳುವುದು ಬೇರೆ, ಒಬ್ಬರೇ ಕೂತು ಆಘಾತದ ನೆನಪನ್ನು ತೆರೆಯುವುದು ಬೇರೆ. ತೆರೆದ ಮೇಲೆ ಮುಚ್ಚಲು ಪಕ್ಕದಲ್ಲಿ ಒಬ್ಬರು ಬೇಕು. ಥೆರಪಿಸ್ಟ್ ಹುಡುಕುವಾಗ ಇಎಂಡಿಆರ್ ತರಬೇತಿ ಎಲ್ಲಿ ಪಡೆದಿರಿ, ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ್ದೀರಾ ಅಂತ ಸಂಕೋಚ ಇಲ್ಲದೆ ಕೇಳಿ. ಮೂರ್ಛೆ ರೋಗ, ಕಣ್ಣಿನ ತೊಂದರೆ, ಸಾಯುವ ಯೋಚನೆ, ಕುಡಿತ, ಮನೆಯಲ್ಲಿ ಈಗಲೂ ನಡೆಯುತ್ತಿರುವ ಹಿಂಸೆ, ಇದರಲ್ಲಿ ಯಾವುದಿದ್ದರೂ ಮೊದಲೇ ಹೇಳಿ. ಕಣ್ಣು ಆಡಿಸಲು ಆಗದಿದ್ದರೆ ಮಂಡಿ ಮೇಲೆ ತಟ್ಟಿಯೋ, ಎರಡು ಕಿವಿಗೆ ಬದಲಿಸಿ ಬರುವ ಸದ್ದಿನಿಂದಲೋ ಮಾಡಬಹುದು. ಸೆಷನ್ ಆದ ದಿನ ಸುಸ್ತು, ವಿಚಿತ್ರ ಕನಸು ಸಹಜ. ಒಂದು ಸಾಲು ಬರೆದಿಟ್ಟುಕೊಂಡು ಬಂದರೆ ನಮಗೆ ಮುಂದಿನ ದಾರಿ ಸಿಗುತ್ತದೆ.

ಒಂಬತ್ತನೇ ಸೆಷನ್‌ಗೆ ನಾವು ಮತ್ತೆ ಆ ರಸ್ತೆಗೆ ಹೋದೆವು. ಶುರುವಿನಲ್ಲಿ ಅವರ ಅಂಕಿ 9. ಈ ಸಲ ಕಣ್ಣಿನ ಹಿಂದೆ ಅವರೂ ಇದ್ದರು. ಒಮ್ಮೆ ಅಂಗೈ ಎತ್ತಿದರು, ನಿಲ್ಲಿಸಿದೆ, ಕಿಟಕಿ ಪಕ್ಕದ ಮಳೆಗೆ ಹೋಗಿ ಬಂದರು. ಅವತ್ತು 5ಕ್ಕೆ ನಿಂತಿತು. ಪೆಟ್ಟಿಗೆಗೆ ಬೀಗ ಹಾಕಿ ಮನೆಗೆ ಕಳಿಸಿದೆ. ಮುಂದಿನ ವಾರ 3. ಅದರ ಮುಂದಿನ ವಾರ ಬ್ರೇಕ್ ಸದ್ದನ್ನೇ ಮನಸ್ಸಿನಲ್ಲಿ ತಂದುಕೊಂಡು ಕೂತರು, ಭುಜ ಸಡಿಲವಾಗೇ ಇತ್ತು. ಈಗ ಎಷ್ಟು ಎಂದೆ. 1, ಅಂದರು.

ಪಾಠದ ಪ್ರಕಾರ 0 ಬರುವವರೆಗೂ ಹೋಗುತ್ತೇವೆ. ಆ 1 ಇಳಿಯಲು ಏನು ಅಡ್ಡ ಇದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ನೆಲ ನೋಡುತ್ತಿದ್ದು ಹೇಳಿದರು: "ಹಿಂದಿನ ಸೀಟಿನಲ್ಲಿ ನನ್ನ ಗೆಳೆಯ ಇದ್ದ ಮೇಡಂ. ಅವನು ಬರಲಿಲ್ಲ. ಅವನಿಗೋಸ್ಕರ ಅದು ಒಂದು ಇರಲಿ."

ನಾನು ಮತ್ತೆ ಬೆರಳು ಎತ್ತಲಿಲ್ಲ. ಹಾಳೆಯಲ್ಲಿ 1 ಅಂತ ಬರೆದುಕೊಂಡು ಮುಂದಿನ ಹಂತಕ್ಕೆ ಹೋದೆ.