ಬಾಬ್ ಜೇಮ್ಸ್ ಪಕ್ಕದಲ್ಲಿ ಕೂತು ಕಲಿತ ಹಾಗೆ

ನಾನು ಕೀಬೋರ್ಡ್ ನುಡಿಸುವವನು. ಸಂಜೆ ಹೋಟೆಲ್‌ಗಳಲ್ಲಿ ಒಂದು ಚಿಕ್ಕ ತಂಡದ ಜೊತೆ ನುಡಿಸುತ್ತೇನೆ, ಹಗಲು ಪಾಠ ಹೇಳಿಕೊಡುತ್ತೇನೆ. ಸ್ಮೂತ್ ಜಾಝ್, ಅಂದರೆ ಪಾಪ್, ಫಂಕ್ ಬೆರೆತ ಮೆದುವಾದ ಜಾಝ್, ಕಲಿಯೋಕೆ ಬರುವವರು ಮೊದಲು ಕೇಳೋದು, ‘ಸರ್, ಯಾವ ಪುಸ್ತಕ ತಗೊಳ್ಳಲಿ?’ ಅಂತ. ನಾನು ಪುಸ್ತಕದ ಬದಲು ಒಬ್ಬರ ಹೆಸರು ಹೇಳುತ್ತೇನೆ: ಅಮೆರಿಕದ ಜಾಝ್ ಪಿಯಾನೋ ವಾದಕ ಬಾಬ್ ಜೇಮ್ಸ್. ನಾನು ಕಲಿತದ್ದೇ ಹಾಗೆ. ಅವರ ರೆಕಾರ್ಡಿಂಗ್‌ಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿಕೊಂಡೆ. ಪ್ರತಿಯೊಂದರಲ್ಲೂ ಅವರ ಜೊತೆ ಯಾರಿದ್ದಾರೆ ನೋಡಿದೆ. ಆ ಜೊತೆಗಾರರಿಗೋಸ್ಕರ ಅವರು ಏನನ್ನು ನುಡಿಸದೆ ಬಿಟ್ಟಿದ್ದಾರೆ ಅನ್ನೋದನ್ನು ಕಿವಿಯಿಂದಲೇ ಹುಡುಕಿ ಬರೆದುಕೊಂಡೆ.

ಅವರು ಹುಟ್ಟಿದ್ದು 1939ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಮಾರ್ಷಲ್ ಎಂಬ ಊರಲ್ಲಿ. ಓದಿದ್ದು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. ಕಾಲೇಜು ಜಾಝ್ ಉತ್ಸವವೊಂದರಲ್ಲಿ ಅವರನ್ನು ಕೇಳಿದ ಸಂಗೀತ ನಿರ್ಮಾಪಕ ಕ್ವಿನ್ಸಿ ಜೋನ್ಸ್ ಮೊದಲ ಆಲ್ಬಂ ಮಾಡಿಸಿದರು. ಅದು 1963ರ ‘ಬೋಲ್ಡ್ ಕಾನ್ಸೆಪ್ಷನ್ಸ್’. ಎರಡು ವರ್ಷದ ನಂತರ ಬಂದ ‘ಎಕ್ಸ್‌ಪ್ಲೋಶನ್ಸ್’ನಲ್ಲಿ ಟೇಪಿನ ಎಲೆಕ್ಟ್ರಾನಿಕ್ ಸದ್ದುಗಳ ಜೊತೆ ಆಟ ಆಡಿದ್ದಾರೆ. ಸ್ಮೂತ್ ಜಾಝ್ ಅಂತ ಕೇಳೋಕೆ ಕೂತವರು ಅದನ್ನು ಹಾಕಿದರೆ ಬೆಚ್ಚಿಬೀಳುತ್ತಾರೆ. ಆದರೆ ಬಾಬ್ ಅವರನ್ನು ತಿದ್ದಿದ್ದು ಆಮೇಲಿನ ಕೆಲವು ವರ್ಷ ಅಂತ ನನ್ನ ನಂಬಿಕೆ. 60ರ ದಶಕದ ಎರಡನೇ ಭಾಗದಲ್ಲಿ ಅವರು ಗಾಯಕಿ ಸಾರಾ ವಾನ್ ಅವರಿಗೆ ಪಿಯಾನೋ ನುಡಿಸುತ್ತಿದ್ದರು. ಅಂಥ ಗಾಯಕಿಯ ಪಕ್ಕ ಕೂತವನಿಗೆ ಯಾವಾಗ ಸುಮ್ಮನಿರಬೇಕು ಅನ್ನೋದು ಬೆರಳಿಗೇ ಗೊತ್ತಾಗುತ್ತದೆ. ಮುಂದಿನ ಐವತ್ತು ವರ್ಷದ ರೆಕಾರ್ಡಿಂಗ್‌ಗಳಲ್ಲಿ ನನಗೆ ಕೇಳಿಸೋದು ಅದೇ ಗುಣ.

ನಾನು ನಿಜವಾಗಿ ಕೆಲಸ ಶುರು ಮಾಡಿದ್ದು 1974ರ ‘ಒನ್’ ಆಲ್ಬಂನಿಂದ. ಕ್ರೀಡ್ ಟೇಲರ್ ಅವರ ಸಿಟಿಐ ಎಂಬ ರೆಕಾರ್ಡ್ ಕಂಪನಿಗೆ ಮಾಡಿದ್ದು. ಅದರಲ್ಲಿ ಹಳೆಯ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಗಾರರಾದ ಮುಸೋರ್ಗ್‌ಸ್ಕಿ, ಪಾಕೆಲ್‌ಬೆಲ್ ಅವರ ಕೃತಿಗಳಿವೆ, ಫಂಕ್ ಡ್ರಮ್ಸ್ ಇದೆ. ಕೊನೆಯ ಹಾಡು ‘ನಾಟಿಲಸ್’. ಗ್ಯಾರಿ ಕಿಂಗ್ ಬೇಸ್ (ತಗ್ಗು ಸ್ವರದ ಗಿಟಾರ್), ಇದ್ರಿಸ್ ಮುಹಮ್ಮದ್ ಡ್ರಮ್ಸ್. ಬಾಬ್ ಅವರ ಕೈಯಲ್ಲಿ ಫೆಂಡರ್ ರೋಡ್ಸ್ ಎಂಬ ಎಲೆಕ್ಟ್ರಿಕ್ ಪಿಯಾನೋ.

ರೋಡ್ಸ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದರೊಳಗೆ ತಂತಿ ಇಲ್ಲ. ಕೀ ಒತ್ತಿದರೆ ಸಣ್ಣ ಸುತ್ತಿಗೆ ಹೋಗಿ ಟೈನ್ ಅನ್ನೋ ತೆಳ್ಳನೆ ಉಕ್ಕಿನ ಕಡ್ಡಿಗೆ ಬಡಿಯುತ್ತದೆ. ಕಡ್ಡಿಯ ತುದಿಯ ಎದುರಿಗೆ ಗಿಟಾರ್‌ನಲ್ಲಿರುವಂಥ ಪಿಕಪ್, ಅಂದರೆ ಕಂಪನವನ್ನು ವಿದ್ಯುತ್ ಆಗಿಸುವ ಆಯಸ್ಕಾಂತದ ಸುರುಳಿ, ಇರುತ್ತದೆ. ಮೆಲ್ಲಗೆ ನುಡಿಸಿದರೆ ಗಂಟೆಯ ಸದ್ದು, ಜೋರಾಗಿ ಒತ್ತಿದರೆ ಗುರ್ ಅನ್ನೋ ಒರಟು. ಅಂದರೆ ಸದ್ದಿನ ಬಣ್ಣ ಇರೋದು ಬೆರಳಿನ ತೂಕದಲ್ಲಿ. ನನ್ನ ಹತ್ತಿರ ಅಸಲಿ ರೋಡ್ಸ್ ಇಲ್ಲ, ಸ್ಟೇಜ್ ಕೀಬೋರ್ಡ್‌ನಲ್ಲಿರುವ ಅದರ ರೆಕಾರ್ಡ್ ಮಾಡಿದ ಸದ್ದು, ಅಂದರೆ ಸ್ಯಾಂಪಲ್ ಮಾತ್ರ. ಅದರಿಂದ ಮೊದಲು ಸದ್ದನ್ನು ದಪ್ಪ ಮಾಡುವ ಕೋರಸ್ ತೆಗೆದೆ, ಪ್ರತಿಧ್ವನಿ ಕೊಡುವ ರಿವರ್ಬ್ ಅರ್ಧಕ್ಕೆ ಇಳಿಸಿದೆ. ಎಡ ಬಲ ಓಡಾಡುವ ಟ್ರೆಮೊಲೊ ಮಾತ್ರ ನಿಧಾನಕ್ಕೆ ಉಳಿಸಿಕೊಂಡೆ. ಟಚ್ ಸೆಟ್ಟಿಂಗ್ ಅನ್ನು ಸ್ವಲ್ಪ ಭಾರ ಮಾಡಿದೆ. ಒರಟು ಸದ್ದು ಬೇಕಾದರೆ ನಿಜವಾಗಲೂ ಒತ್ತಲೇಬೇಕು ಅನ್ನೋ ಹಾಗೆ. ಈಕ್ವಲೈಜರ್‌ನಲ್ಲಿ 200 ಹರ್ಟ್ಜ್‌ಗಿಂತ ಕೆಳಗಿನ ದಪ್ಪ ಸದ್ದನ್ನು ತಗ್ಗಿಸಿದೆ. ಅದು ಬೇಸ್‌ನವನ ಮನೆ.

‘ನಾಟಿಲಸ್’ ಜೊತೆ ನುಡಿಸುವಾಗ ಎಡಗೈಯಲ್ಲಿ ಕಾರ್ಡ್‌ನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಮೂಲ ಸ್ವರವನ್ನು ಮುಟ್ಟೋದೇ ಬೇಡ ಅಂತ ನಿಯಮ ಹಾಕಿಕೊಂಡೆ. ಗ್ಯಾರಿ ಕಿಂಗ್ ನುಡಿಸಿದ ಬೇಸ್ ಸಾಲು ಅಷ್ಟು ಗಟ್ಟಿ. ಮುಂದೆ ಹಿಪ್‌ಹಾಪ್‌ನವರು ಈ ಹಾಡಿನ ತುಣುಕುಗಳನ್ನು ಎಷ್ಟು ಸಲ ಕತ್ತರಿಸಿ ಬಳಸಿದರು ಅಂದರೆ, ಬಾಬ್ ಜೇಮ್ಸ್ ಹೆಸರು ಗೊತ್ತಿಲ್ಲದ ಹುಡುಗರಿಗೂ ಅದು ಪರಿಚಯ. 1975ರ ‘ಟೂ’ ಆಲ್ಬಂನಲ್ಲಿ ಗಾಯಕ ಪಾಲ್ ಸೈಮನ್ ಅವರ ಹಾಡೊಂದನ್ನು ಬಾಬ್ ನುಡಿಸಿದ್ದಾರೆ. ಅದರ ಶುರುವಿನ ಗಂಟೆ ಸದ್ದು 1986ರಲ್ಲಿ ರನ್ ಡಿಎಂಸಿ ಎಂಬ ಹಿಪ್‌ಹಾಪ್ ತಂಡದ ‘ಪೀಟರ್ ಪೈಪರ್’ಗೆ ಹೋಯಿತು. ಜಾಗ ಬಿಟ್ಟು ಕಟ್ಟಿದ ಸಂಗೀತವಾದ್ದರಿಂದಲೇ ಬೇರೆಯವರಿಗೆ ಅದರೊಳಗೆ ಮಾತು ಸೇರಿಸೋಕೆ ಆಯಿತು ಅನ್ನಿಸುತ್ತದೆ.

ಎಡಗೈ ಅಭ್ಯಾಸಕ್ಕೆ ನಾನು ಬಳಸಿದ ಒಂದು ಉದಾಹರಣೆ ಕೊಡುತ್ತೇನೆ, ಕೀಬೋರ್ಡ್ ಮುಂದೆ ಕೂತೇ ಓದಿ. ಎ ಮೈನರ್ ನೈನ್ತ್ ಎಂಬ ಕಾರ್ಡ್‌ಗೆ ಅದರ ಮೂಲ ಸ್ವರವಾದ ಎ ಒತ್ತಬೇಡಿ. ಸಿ, ಇ, ಜಿ, ಬಿ ಹಿಡಿಯಿರಿ. ಈಗ ಜಿ ಮೇಲಿರುವ ಬೆರಳನ್ನು ಮಾತ್ರ ಎಫ್ ಶಾರ್ಪ್‌ಗೆ ಇಳಿಸಿ. ಬೇಸ್‌ನವನು ಡಿ ನುಡಿಸಿದರೆ ಅದು ಡಿ ಥರ್ಟೀನ್ತ್ ಆಗಿಬಿಡುತ್ತದೆ. ಒಂದೇ ಬೆರಳು, ಅರ್ಧ ಸ್ವರ. ಮುಂದೆ ಎಫ್ ಶಾರ್ಪ್ ಹಾಗೇ ಇಟ್ಟುಕೊಂಡು ಉಳಿದ ಮೂರನ್ನು ಒಂದೊಂದು ಮೆಟ್ಟಿಲು ಇಳಿಸಿ: ಬಿ, ಡಿ, ಎಫ್ ಶಾರ್ಪ್, ಎ. ಜಿ ಮೇಜರ್ ನೈನ್ತ್ ಬಂತು, ಕೈ ಮಾತ್ರ ಇದ್ದಲ್ಲೇ ಇದೆ. ಹೀಗೆ ಹನ್ನೆರಡು ಸ್ಕೇಲ್‌ನಲ್ಲೂ ಮಾಡಿದೆ. ಬೇಜಾರಿನ ಕೆಲಸ ಹೌದು, ಆದರೆ ಇದಕ್ಕೆ ಅಡ್ಡದಾರಿ ಇಲ್ಲ. ನಮ್ಮ ತಂಡದ ಬೇಸ್ ಹುಡುಗ ಒಂದು ರಾತ್ರಿ ಪ್ರೋಗ್ರಾಂ ಮುಗಿದ ಮೇಲೆ ಬಂದು, ‘ಅಣ್ಣಾ, ಇವತ್ತು ನನ್ನ ಬೇಸ್ ನನಗೇ ಚೆನ್ನಾಗಿ ಕೇಳಿಸ್ತು’ ಅಂದ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಕಿರಲಿಲ್ಲ.

ಅದೇ ಕಾಲದಲ್ಲಿ ಬಾಬ್ ಅವರು ಸ್ಯಾಕ್ಸಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರಿಗೆ ಅರೇಂಜರ್, ಅಂದರೆ ಯಾವ ವಾದ್ಯ ಎಲ್ಲಿ ಏನು ನುಡಿಸಬೇಕು ಅಂತ ಹೊಂದಿಸುವವರು, ಆಗಿದ್ದರು. 1975ರ ‘ಮಿಸ್ಟರ್ ಮ್ಯಾಜಿಕ್’ ಕೇಳುವಾಗ ಕಾಗದದ ಮೇಲೆ ಗೆರೆ ಎಳೆದು, ಯಾವ ವಾದ್ಯ ಎಲ್ಲಿ ಒಳಗೆ ಬಂತು, ಎಲ್ಲಿ ಹೊರಗೆ ಹೋಯಿತು ಅಂತ ಗುರುತು ಹಾಕುತ್ತಾ ಹೋದೆ. ಕೀಬೋರ್ಡ್ ಮುಟ್ಟದೆ ಮಾಡಿದ ಅಭ್ಯಾಸ ಇದು. ಅರೇಂಜರ್ ಹೇಗೆ ಯೋಚನೆ ಮಾಡುತ್ತಾನೆ ಅನ್ನೋದು ತಿಳಿಯೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಸಿಕ್ಕಿಲ್ಲ.

ಆಮೇಲೆ ‘ಆಂಜೆಲಾ’. 1978ರಲ್ಲಿ ಶುರುವಾದ ‘ಟ್ಯಾಕ್ಸಿ’ ಎಂಬ ಅಮೆರಿಕನ್ ಟಿವಿ ಧಾರಾವಾಹಿಯ ಶೀರ್ಷಿಕೆ ಸಂಗೀತ. ಅದಕ್ಕೆ ಬಾಬ್ ಮೊದಲು ಬರೆದಿದ್ದು ಬೇರೆ ಚುರುಕಾದ ಟ್ಯೂನ್. ‘ಆಂಜೆಲಾ’ ಇದ್ದದ್ದು ಒಂದು ಕಂತಿನಲ್ಲಿ ಬರುವ ಅದೇ ಹೆಸರಿನ ಪಾತ್ರಕ್ಕೆ ಅಂತ. ಕೇಳಿದ ನಿರ್ಮಾಪಕರು ಅದನ್ನೇ ಶೀರ್ಷಿಕೆಗೆ ಹಾಕಿದರು. ಹಾಸ್ಯ ಧಾರಾವಾಹಿಗೆ ಇಷ್ಟು ಮೆತ್ತನೆ, ಸ್ವಲ್ಪ ಒಂಟಿತನ ಇರುವ ಟ್ಯೂನ್! ನುಡಿಸೋಕೆ ಸುಲಭ ಅಂತ ವಿದ್ಯಾರ್ಥಿಗಳು ಮೊದಲ ವಾರವೇ ಕೇಳುತ್ತಾರೆ. ಸ್ವರಗಳು ಸುಲಭವೇ. ಕಷ್ಟ ಇರೋದು ಎರಡು ಸಾಲುಗಳ ನಡುವಿನ ಖಾಲಿ ಜಾಗದಲ್ಲಿ. ಅಲ್ಲಿ ಬಲಗೈ ತಾನಾಗಿ ಏನಾದರೂ ತುಂಬಿಸೋಕೆ ಹೋಗುತ್ತದೆ. ನಾನು ಕಂಡುಕೊಂಡ ಉಪಾಯ ಹಾಡುವುದು. ಮಟ್ಟನ್ನು ಬಾಯಲ್ಲಿ ಗುನುಗುತ್ತಾ ನುಡಿಸಿ. ಉಸಿರು ತಗೊಳ್ಳುವಾಗ ಬಾಯಿ ನಿಲ್ಲುತ್ತದಲ್ಲ, ಕೈಯೂ ಅಲ್ಲಿ ನಿಲ್ಲಲಿ.

ಜೊತೆ ಬದಲಾದರೆ ಕೈ ಹೇಗೆ ಬದಲಾಗುತ್ತದೆ ಅನ್ನೋದಕ್ಕೆ 1979ರ ‘ಒನ್ ಆನ್ ಒನ್’ ಕೇಳಿ. ಜೊತೆಗಿರೋದು ಅರ್ಲ್ ಕ್ಲೂ, ನೈಲಾನ್ ತಂತಿಯ ಗಿಟಾರ್. ಆ ಸದ್ದು ಮೆತ್ತಗಿರುತ್ತದೆ, ಬೇಗ ಆರಿಹೋಗುತ್ತದೆ. ಅದೇ ಎತ್ತರದಲ್ಲಿ ಪಿಯಾನೋ ಕಾರ್ಡ್ ಹಿಡಿದರೆ ಗಿಟಾರ್ ಮುಳುಗುತ್ತದೆ. ಹಾಗಾಗಿ ನಮ್ಮ ಗಿಟಾರ್‌ನವರ ಜೊತೆ ಅಭ್ಯಾಸ ಮಾಡುವಾಗ ಅವರು ನಡುವೆ ಇದ್ದರೆ ನಾನು ಮೇಲಕ್ಕೆ ಹೋಗುತ್ತೇನೆ, ಎರಡೇ ಸ್ವರ ಹಿಡಿಯುತ್ತೇನೆ, ಪೆಡಲ್ ಅನ್ನು ಪೂರ್ತಿ ಒತ್ತುವುದಿಲ್ಲ. ಈ ಆಲ್ಬಂಗೆ ಗ್ರ್ಯಾಮಿ ಬಂತು.

ಇನ್ನು ನನಗೆ ಅತಿ ಇಷ್ಟದ ಜೋಡಿ, ಬಾಬ್ ಮತ್ತು ಆಲ್ಟೋ ಸ್ಯಾಕ್ಸ್‌ನ ಡೇವಿಡ್ ಸ್ಯಾನ್‌ಬಾರ್ನ್. 1986ರ ‘ಡಬಲ್ ವಿಷನ್’ನಲ್ಲಿ ಮಾರ್ಕಸ್ ಮಿಲ್ಲರ್ ಬೇಸ್, ಸ್ಟೀವ್ ಗ್ಯಾಡ್ ಡ್ರಮ್ಸ್, ಒಂದು ಹಾಡಿಗೆ ಗಾಯಕ ಅಲ್ ಜರೊ ದನಿ. ಮೊದಲ ಹಾಡು ಮಿಲ್ಲರ್ ಬರೆದ ‘ಮಪೂಟೊ’. ಸ್ಯಾನ್‌ಬಾರ್ನ್ ಅವರ ಸ್ಯಾಕ್ಸ್ ಚೀರುತ್ತದೆ, ಅಳುತ್ತದೆ. ಕೆಳಗೆ ಕೀಬೋರ್ಡ್ ನೆಲದ ಹಾಗೆ ಅಲುಗಾಡದೆ ಹಾಸಿಕೊಂಡಿದೆ. ಸುಮಾರು ಕಾಲು ಶತಮಾನ ಬಿಟ್ಟು, 2013ರಲ್ಲಿ ಇಬ್ಬರೂ ‘ಕ್ವಾರ್ಟೆಟ್ ಹ್ಯೂಮೇನ್’ ತಂದರು. ಈ ಸಲ ಜಾಝ್ ಪಿಯಾನೋ ವಾದಕ ಡೇವ್ ಬ್ರೂಬೆಕ್ ನೆನಪಿಗೆ, ಬರೀ ಅಕೌಸ್ಟಿಕ್, ಅಂದರೆ ಎಲೆಕ್ಟ್ರಾನಿಕ್ ವಾದ್ಯ ಇಲ್ಲದೆ. ಡ್ರಮ್ಸ್‌ಗೆ ಮತ್ತೆ ಗ್ಯಾಡ್, ಬೇಸ್‌ಗೆ ಜೇಮ್ಸ್ ಜೀನಸ್. ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿದರೆ ಮಾತ್ರ ಗೊತ್ತಾಗುತ್ತದೆ: ಮೊದಲನೆಯದರಲ್ಲಿ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಹಾಸುವ ಕಡೆ ಎರಡನೆಯದರಲ್ಲಿ ಅಕೌಸ್ಟಿಕ್ ಪಿಯಾನೋ ಪ್ರಶ್ನೆ ಕೇಳುತ್ತದೆ, ಸ್ಯಾಕ್ಸ್ ಉತ್ತರ ಕೊಡುತ್ತದೆ. ಪಿಯಾನೋ ಸ್ವರವನ್ನು ಎಳೆದು ನಿಲ್ಲಿಸೋಕೆ ಆಗಲ್ಲವಲ್ಲ, ಅದಕ್ಕೇ ಮಾತಿನ ರೀತಿ ಬದಲಾಗಿದೆ. ಸ್ಯಾನ್‌ಬಾರ್ನ್ 2024ರ ಮೇನಲ್ಲಿ ತೀರಿಕೊಂಡ ದಿನ ನಾನು ಪಾಠ ನಿಲ್ಲಿಸಿ ಹುಡುಗರಿಗೆ ಎರಡೂ ಆಲ್ಬಂ ಕೇಳಿಸಿದೆ.

ಬಾಬ್ ಇದ್ದ ಫೋರ್‌ಪ್ಲೇ ಎಂಬ ನಾಲ್ವರ ಜಾಝ್ ತಂಡದ ಬಗ್ಗೆ ಜಾಸ್ತಿ ಹೇಳಲ್ಲ. 1990ರ ‘ಗ್ರ್ಯಾಂಡ್ ಪಿಯಾನೋ ಕ್ಯಾನ್ಯನ್’ ರೆಕಾರ್ಡಿಂಗ್ ವೇಳೆ ಗಿಟಾರ್‌ನ ಲೀ ರಿಟ್‌ನರ್, ಬೇಸ್‌ನ ನೇಥನ್ ಈಸ್ಟ್, ಡ್ರಮ್ಸ್‌ನ ಹಾರ್ವಿ ಮೇಸನ್ ಬಾಬ್ ಜೊತೆ ಸೇರಿದರು, 1991ರಲ್ಲಿ ತಂಡದ ಹೆಸರಿನದೇ ಆಲ್ಬಂ ಬಂತು. ಮುಂದೆ ಗಿಟಾರ್‌ಗೆ ಲ್ಯಾರಿ ಕಾರ್ಲ್‌ಟನ್, ಆಮೇಲೆ ಚಕ್ ಲೋಬ್ ಬಂದರು. ಗಿಟಾರ್‌ನವರು ಬದಲಾದಾಗ ಬಾಬ್ ಎಲ್ಲಿ ಸರಿದು ಜಾಗ ಕೊಟ್ಟರು ಅಂತ ಹುಡುಕೋದು ನನ್ನ ವಿದ್ಯಾರ್ಥಿಗಳಿಗೆ ಮನೆಗೆಲಸ.

ಈಗ ನಾನು ಮತ್ತು ಒಬ್ಬಳು ವಿದ್ಯಾರ್ಥಿನಿ ಕೂತಿರೋದು 2011ರ ‘ಆಲ್ಟೇರ್ ಅಂಡ್ ವೇಗಾ’ ಮುಂದೆ. ಬಾಬ್ ಮತ್ತು ಜಪಾನಿನ ಕೇಕೊ ಮಾತ್ಸುಯಿ ಒಂದೇ ಪಿಯಾನೋದಲ್ಲಿ ನಾಲ್ಕು ಕೈಯಲ್ಲಿ ನುಡಿಸಿದ್ದು. ಇಲ್ಲಿ ಜಾಗ ಬಿಡೋದು ಅಂದರೆ ನಿಜವಾಗಲೂ ಮೊಣಕೈ ತೆಗೆಯೋದು. ನನ್ನ ಬಲಗೈ ಮತ್ತು ಅವಳ ಎಡಗೈ ಒಂದೇ ಕೀಗೆ ಬರುವ ಕಡೆಗಳಲ್ಲಿ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದೇವೆ. ಮೊದಲು ನುಡಿಸಿದವರು ಕೀ ಬಿಟ್ಟು ಕೈ ಮೇಲೆತ್ತಬೇಕು, ಇನ್ನೊಬ್ಬರು ಅದರ ಕೆಳಗಿಂದ ಬರಬೇಕು. ಪೆಡಲ್ ಒಂದೇ ಇರೋದರಿಂದ ಅದು ಕೆಳಗಿನ ಅರ್ಧ ನುಡಿಸುವವರ ಕಾಲಿಗೆ, ಅಂದರೆ ನನಗೆ. ಅವಳ ಸ್ವರ ಮುಗಿಯೋದನ್ನು ಕೇಳಿಕೊಂಡೇ ನಾನು ಕಾಲು ಎತ್ತಬೇಕು. ಸದ್ಯಕ್ಕೆ ನಿಧಾನದ ಲಯದಲ್ಲಿ ಎರಡು ಪುಟ ಕೂಡಿಬಂದಿದೆ.