ಈರುಳ್ಳಿ ಬೇರಿನ ತುದಿಯಲ್ಲಿ ಮೆಟಾಫೇಸ್ ನೋಡುವ ಬಗೆ

ಕೋಶ ಎರಡಾಗುವ ಮುಂಚೆ, ಇಮ್ಮಡಿಯಾದ ಕ್ರೋಮೋಸೋಮ್‌ಗಳು (ವರ್ಣತಂತುಗಳು) ಕೋಶದ ನಡುವೆ ಸಾಲುಗೂಡುವ ಹಂತವೇ ಮೆಟಾಫೇಸ್. ಇದನ್ನು ಕಣ್ಣಾರೆ ನೋಡಲು ಈರುಳ್ಳಿ ಬೇರು ಒಳ್ಳೆಯದು: ಕ್ರೋಮೋಸೋಮ್‌ಗಳು 16 ಮಾತ್ರ, ಗಾತ್ರವೂ ದೊಡ್ಡದು.

ಗಡ್ಡೆಯ ಒಣಬೇರು ಕೆರೆದು, ಬುಡವಷ್ಟೇ ನೀರಿಗೆ ತಾಗುವಂತೆ ಲೋಟದ ಬಾಯಿಗೆ ಕೂರಿಸಿ. ದಿನಾ ನೀರು ಬದಲಿಸಿ. ಈಗಷ್ಟೇ ಕಿತ್ತ ಗಡ್ಡೆ ಸುಪ್ತಾವಸ್ಥೆಯಲ್ಲಿರುವುದರಿಂದ ಬೇಗ ಬೇರು ಬಿಡದು, ಹಳೆಯದನ್ನೇ ಆರಿಸಿ. ಬೇರು 2 ಸೆಂ.ಮೀ. ಬಂದಾಗ ಬೆಳಿಗ್ಗೆ 8ರಿಂದ 10ರ ನಡುವೆ ಕತ್ತರಿಸಿ, 1 ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲ, 3 ಪಾಲು ಎಥನಾಲ್ ಬೆರೆಸಿದ ದ್ರಾವಣದಲ್ಲಿ 24 ಗಂಟೆ ಇಟ್ಟು ಸ್ಥಿರಗೊಳಿಸಿ, ಅಂದರೆ ಕೋಶಗಳು ಇದ್ದ ಹಂತದಲ್ಲೇ ನಿಲ್ಲುವಂತೆ ಮಾಡಿ. ಈ ದ್ರಾವಣವನ್ನು ಬಳಸುವ ಹೊತ್ತಿಗೇ ಹೊಸದಾಗಿ ಬೆರೆಸಬೇಕು. ಮುಂದೆ ಶೇ. 70ರ ಆಲ್ಕೋಹಾಲ್‌ನಲ್ಲಿಟ್ಟರೆ ಬೇರು ಕೆಡದು.

ಬಳಸುವಾಗ ನೀರಲ್ಲಿ ತೊಳೆದು, 60 ಡಿಗ್ರಿ ಸೆಲ್ಸಿಯಸ್‌ನ 1 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 5ರಿಂದ 8 ನಿಮಿಷ ಬಿಡಿ. ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಕರಗುವುದು ಇಲ್ಲೇ; ಇದು ಸಾಲದಿದ್ದರೆ ಕೋಶಗಳು ಒಂದರ ಮೇಲೊಂದು ಗುಪ್ಪೆಯಾಗುತ್ತವೆ, ಅತಿಯಾದರೆ ಬೇರು ಕೊಳೆತಂತಾಗಿ ಬಣ್ಣ ಹಿಡಿಯದು. ಮತ್ತೆ ತೊಳೆದು, ತುದಿಯ 2 ಮಿ.ಮೀ. ಮಾತ್ರ ಸ್ಲೈಡಿಗೆ ತೆಗೆದುಕೊಳ್ಳಿ. ಅದರ ಮೇಲಿನ ಭಾಗದಲ್ಲಿ ಕೋಶಗಳು ಉದ್ದವಾಗುತ್ತವೆಯೇ ಹೊರತು ವಿಭಜನೆಯಾಗುವುದಿಲ್ಲ. ಕ್ರೋಮೋಸೋಮಿಗೆ ಬಣ್ಣ ಕೊಡುವ ಅಸಿಟೊಕಾರ್ಮೈನ್ 2 ಹನಿ ಹಾಕಿ 10 ನಿಮಿಷ ಬಿಟ್ಟು, ಕುದಿಯದಂತೆ ತುಸು ಬಿಸಿ ಮಾಡಿ. ಕವರ್‌ಸ್ಲಿಪ್ ಹಾಕಿ ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತಿ. ಸ್ಲಿಪ್ ಪಕ್ಕಕ್ಕೆ ಜಾರಿದರೆ ಕೋಶಗಳು ಹರಿದು ಸುತ್ತಿಕೊಳ್ಳುತ್ತವೆ.

ಸೂಕ್ಷ್ಮದರ್ಶಕದಲ್ಲಿ ಮೊದಲು 10x, ಆಮೇಲೆ 40x ಮಸೂರದಿಂದ ನೋಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಪಕ್ಕದಿಂದ ಕಂಡ ಮೆಟಾಫೇಸ್ ಒಂದು ಅಡ್ಡಪಟ್ಟಿ. ಅದರಿಂದ ಕ್ರೋಮೋಸೋಮ್ ತೋಳುಗಳು ಎರಡೂ ಬದಿಗೆ ಅಸ್ತವ್ಯಸ್ತವಾಗಿ ಚಾಚಿರುತ್ತವೆ. ತೋಳು ನೋಡಿ "ಇನ್ನೂ ಸಾಲುಗೂಡಿಲ್ಲ" ಅನ್ನಬೇಡಿ. ನಡುಗೆರೆಗೆ ಬರಬೇಕಾದದ್ದು ಸೆಂಟ್ರೋಮಿಯರ್ (ತೋಳುಗಳು ಕೂಡುವ ಕಿರಿದಾದ ಜಾಗ) ಮಾತ್ರ. ಅದೇ ಪಟ್ಟಿಯನ್ನು ಧ್ರುವದ, ಅಂದರೆ ಕೋಶದ ತುದಿಯ, ಕಡೆಯಿಂದ ಕಂಡರೆ ತೋಳುಗಳು ಎಸಳುಗಳಂತೆ ಹೊರಕ್ಕೆ ಹರಡಿರುತ್ತವೆ, ಇದೂ ಮೆಟಾಫೇಸೇ.

ಸಾಲು ಮೂಡುವುದು ಎಳೆದಾಟದಿಂದ. ಪ್ರತಿ ಕ್ರೋಮೋಸೋಮಿನ ಎರಡು ಕ್ರೊಮ್ಯಾಟಿಡ್‌ಗಳನ್ನು (ಇಮ್ಮಡಿಯಾದಾಗ ಉಂಟಾದ ಜೋಡಿ ಪ್ರತಿಗಳನ್ನು) ಕೊಹೆಸಿನ್ ಪ್ರೋಟೀನ್ ಹಿಡಿದಿಟ್ಟಿರುತ್ತದೆ. ಎದುರುಬದುರು ಧ್ರುವಗಳ ಸ್ಪಿಂಡಲ್ ಎಳೆಗಳು ಒಂದೊಂದು ಕ್ರೊಮ್ಯಾಟಿಡನ್ನು ಹಿಡಿದೆಳೆದಾಗ ಬಿಗಿ ಬರುತ್ತದೆ. ಒಂದೇ ಒಂದು ಕ್ರೋಮೋಸೋಮಿಗೆ ಹಿಡಿತ ಸಿಕ್ಕಿರದಿದ್ದರೂ ಕೋಶ ಮುಂದಿನ ಹಂತಕ್ಕೆ ಹೋಗದೆ ಕಾಯುತ್ತದೆ. ಎಲ್ಲವೂ ಸರಿಯಾದ ಮೇಲೆ ಸೆಪರೇಸ್ ಕಿಣ್ವ ಕೊಹೆಸಿನ್ ಕತ್ತರಿಸುತ್ತದೆ.

ಕ್ರೋಮೋಸೋಮ್ ಎಣಿಸುವುದೇ ಗುರಿಯಾದರೆ ಬೇರನ್ನು ಸ್ಥಿರಗೊಳಿಸುವ ಮುಂಚೆ ಶೇ. 0.05ರ ಕೊಲ್ಚಿಸಿನ್‌ನಲ್ಲಿ 3 ಗಂಟೆ ಇಡಿ. ಅದು ಸ್ಪಿಂಡಲ್ ಕಟ್ಟಲು ಬಿಡದ್ದರಿಂದ ಕ್ರೋಮೋಸೋಮ್‌ಗಳು ಚದುರಿ ಬಿಡಿಬಿಡಿಯಾಗಿ ಕಾಣುತ್ತವೆ. ಆದರೆ ಸಾಲು ಸಿಗದು. ಕೊಲ್ಚಿಸಿನ್ ವಿಷ, ಕೈಗವಸು ಹಾಕಿಕೊಂಡೇ ಮುಟ್ಟಿ. ಸಾಲನ್ನೇ ನೋಡಬೇಕಿದ್ದರೆ ಅದನ್ನು ಬಿಟ್ಟುಬಿಡಿ, ಒತ್ತುವುದನ್ನೂ ಹಗುರ ಮಾಡಿ.